ಬಂಕಿನವರೆಗೆ ಮೆರವಣಿಗೆ

"ರೀ, ಈ ಡಬ್ಬ ಶೆಡ್ಡಿಗೆ ಬಂದು ಆರು ವರ್ಷ ಆಯ್ತು."

"ಡಬ್ಬ ಅನ್ಬೇಡ ಕಣೇ. 1948ರ ಎಂ.ಜಿ. ಟಿ.ಸಿ. ಕಾರು! 1250 ಸಿ.ಸಿ., ಜೋಡಿ ಕಾರ್ಬುರೇಟರ್!"

"ಮತ್ತೆ ಬಡಗಿ ಯಾಕೆ ಬಂದಿದ್ದ?"

"ತಗಡಿನೊಳಗೆ ಮರದ ಚೌಕಟ್ಟು. ಗೆದ್ದಲು ಹಿಡಿದಿತ್ತು."

"ನಮ್ಮ ಅಡುಗೆಮನೆ ಬಾಗಿಲಿಗೂ ಹಿಡಿದಿದೆ. ಪಾಪ, ಅದು ಇಂಗ್ಲೆಂಡಿನಲ್ಲಿ ಹುಟ್ಟಲಿಲ್ಲ. ಆ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಗೆ ನಾಲ್ಕು ಸಲ ಹೋದದ್ದು ಯಾಕೆ?"

"ಒಂದು ಬೋಲ್ಟಿಗೆ. ಇದರ ಎಂಜಿನ್ ಬೋಲ್ಟಿನ ಥ್ರೆಡ್ಡು ಮೆಟ್ರಿಕ್, ತಲೆ ಮಾತ್ರ ಬ್ರಿಟಿಷರ ವಿಟ್‌ವರ್ತ್ ಅಳತೆ."

"ಒಳಗೊಂದು, ತಲೆಯಲ್ಲೊಂದು. ನಿಮ್ಮ ಕಡೆಯೋರ ಹಾಗೇ."

(ಗಂಡ ಖರ್ಚಿನ ಲೆಕ್ಕವನ್ನು ಎರಡು ಪುಸ್ತಕದಲ್ಲಿ ಬರೆಯುತ್ತಾನೆ. ಹೆಂಡತಿಗೆ ತೋರಿಸುವುದು ತೆಳ್ಳಗಿನದು.)

"ವಿಂಟೇಜ್ ನೋಂದಣಿ ಬರೀ 20,000 ಕಣೇ. ಹತ್ತು ವರ್ಷ ನಡೆಯುತ್ತೆ."

"ಹಾಗಾದ್ರೆ ದಿನಾ ತರಕಾರಿ ತರಬಹುದು."

"ದಿನಬಳಕೆ ಕೂಡದು. 2021ರ ನಿಯಮ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು, ಇಂಥದ್ದಕ್ಕೆ ಮಾತ್ರ."

"ಅಂದ್ರೆ ಪೆಟ್ರೋಲ್ ಹಾಕಿಸಿಕೊಂಡು ಬರೋದಕ್ಕೇ ಪೆಟ್ರೋಲ್ ಹಾಕಿಸಬೇಕು!"

"ಮೊನ್ನೆ ಬಂಕಿನಲ್ಲಿ ಒಬ್ಬ ಅಜ್ಜ ಬಾನೆಟ್ ಸವರಿ ಕಣ್ಣೊರೆಸಿಕೊಂಡ್ರು ಗೊತ್ತಾ?"

"ನಿಮ್ಮ ದಪ್ಪನೆಯ ಪುಸ್ತಕ ನೋಡಿದ್ರೇನೋ."

"ನಿಂಗೆ... ಅದು ಹೇಗೆ ಗೊತ್ತು?"

"ಇರಲಿ. ಮುಂದಿನ ಸಲ ಬಂಕಿಗೆ ನಾನೂ ಬರ್ತೀನಿ. ಕಾರಿನ ಆ ಹಸಿರು ಬಣ್ಣಕ್ಕೆ ಯಾವ ಸೀರೆ ಒಪ್ಪುತ್ತೆ?"