ಹೆಸರು ಮಾತ್ರ ಬೇಡವಂತೆ!

"ಹೆಸರು ಬರೆಯಬೇಕಾಗಿಲ್ಲ, ಮನಸ್ಸು ಬಿಚ್ಚಿ ಹೇಳಿ" ಅಂತ ಎಚ್‌ಆರ್‌ನವರು ವರ್ಷಕ್ಕೊಂದು ಸರ್ವೆ ಕಳಿಸುತ್ತಾರೆ. ಎಂಥ ದೊಡ್ಡ ಮನಸ್ಸು! ಫಾರ್ಮು ತೆರೆದರೆ ಶುರು: ಯಾವ ವಿಭಾಗ? ಅಕೌಂಟ್ಸ್. ಗಂಡೋ ಹೆಣ್ಣೋ? ಹೆಣ್ಣು. ವಯಸ್ಸು? ಐವತ್ತರ ಮೇಲೆ. ಸರ್ವೀಸು? ಇಪ್ಪತ್ತೈದು ವರ್ಷ ದಾಟಿದೆ. ಇಡೀ ಅಕೌಂಟ್ಸಿನಲ್ಲಿ ಅಂಥವರು ಒಬ್ಬರೇ, ಮಧ್ಯಾಹ್ನ ಎಲ್ಲರಿಗೂ ಉಪ್ಪಿನಕಾಯಿ ಬಡಿಸುವ ಅಕ್ಕ. ಇನ್ನು ಹೆಸರು ಯಾತಕ್ಕೆ? "ನಿಮ್ಮ ಮೇಲಧಿಕಾರಿ ಹೇಗೆ?" ಎಂಬಲ್ಲಿ ಅಕ್ಕ ಐದಕ್ಕೆ ಐದು ಒತ್ತಿ ಊಟಕ್ಕೆದ್ದರು. ನಿಜವಾದ ಅಭಿಪ್ರಾಯ ಡಬ್ಬಿ ಬಿಚ್ಚಿದ ಮೇಲೆ ಹೊರಬಿತ್ತು. ಅದು ಅಚ್ಚಿಗೆ ಯೋಗ್ಯವಲ್ಲ ಬಿಡಿ.

ಅಕ್ಕನ ಗುಮಾನಿ ಸುಳ್ಳಲ್ಲ. ಅಮೆರಿಕದ ಲಟಾನ್ಯ ಸ್ವೀನಿ ಎಂಬ ವಿಜ್ಞಾನಿ 2000ದಲ್ಲೇ ಲೆಕ್ಕ ಹಾಕಿ ಹೇಳಿದ್ದರು: ಪಿನ್‌ಕೋಡು, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಇಷ್ಟು ಗೊತ್ತಾದರೆ ನೂರರಲ್ಲಿ 87 ಅಮೆರಿಕನ್ನರು ಯಾರೆಂದು ಪತ್ತೆ ಹಚ್ಚಬಹುದು. ನಮ್ಮ ಆಫೀಸಿನಲ್ಲಿ ಉಪ್ಪಿನಕಾಯಿ ಒಂದೇ ಸಾಕು.

ಆಫೀಸಿನಾಚೆ ನೆಮ್ಮದಿಯೇ? ಹೋಟೆಲಲ್ಲಿ ಇಡ್ಲಿ ತಿಂದು ಕೈ ತೊಳೆಯುವಷ್ಟರಲ್ಲಿ ಹುಡುಗ ಟ್ಯಾಬ್ ಹಿಡಿದು ನಿಂತಿರುತ್ತಾನೆ. "ಫೀಡ್‌ಬ್ಯಾಕ್ ಸಾರ್." ಕೇಳಬೇಕಾದ್ದು ಚಟ್ನಿ ಹೇಗಿತ್ತು ಅಂತ. ಅದಕ್ಕೂ ಮೊದಲು ಮೊಬೈಲ್ ನಂಬರು, ಹುಟ್ಟಿದ ದಿನ, ಮದುವೆಯಾದ ದಿನ! ಚಟ್ನಿಗೂ ನನ್ನ ಮದುವೆಗೂ ಏನು ಸ್ವಾಮಿ ಸಂಬಂಧ? ಉಪ್ಪು ಕಮ್ಮಿ ಎಂದು ನಾನು ಹೇಳಿದ್ದು ಅಡುಗೆಮನೆ ಮುಟ್ಟಿತೋ ಇಲ್ಲವೋ, ಆನಿವರ್ಸರಿ ಆಫರ್ ಮಾತ್ರ ಮೊಬೈಲಿಗೆ ತಪ್ಪದೆ ಬರುತ್ತದೆ. ಒಪ್ಪಿಗೆ ಪಡೆದರೂ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇನ್ನೂ ಕ್ಯಾಶ್ ಕೌಂಟರ್‌ವರೆಗೆ ಬಂದಂತಿಲ್ಲ.

ಸರ್ಕಾರ ಹಿಂದೆ ಬಿದ್ದೀತೇ? 2025ರ ಸೆಪ್ಟೆಂಬರ್ 22ರಿಂದ ನಮ್ಮ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಮೀಕ್ಷೆಯಲ್ಲಿ 60 ಪ್ರಶ್ನೆ. ಸಮೀಕ್ಷೆಗೆಂದು ದಸರಾ ರಜೆ ಬಿಟ್ಟು ಬಂದ ಮೇಷ್ಟ್ರು ಮೊಬೈಲ್ ಹಿಡಿದು ಜಗುಲಿ ಮೇಲೆ ಕೂತರೆ, ಕಾಫಿ ಕೊಡದೆ ಕಳಿಸಲಾದೀತೇ? ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಕೂಡ ಪ್ರಶ್ನೆ ಜಾಸ್ತಿಯಾಯಿತು ಎಂದರು. ಮಾಹಿತಿ ಕೊಡುವಂತೆ ಯಾರನ್ನೂ ಬಲವಂತ ಮಾಡಬಾರದೆಂದು ಹೈಕೋರ್ಟೂ ಹೇಳಿತು. ನ್ಯಾಯವಾಗಿ ಹೇಳಬೇಕೆಂದರೆ, ಮೂರರಲ್ಲಿ ವಿವರ ಕೇಳಲು ಗಟ್ಟಿ ಕಾರಣವಿದ್ದದ್ದು ಇದಕ್ಕೊಂದಕ್ಕೇ. ಮನೆಯ ಸ್ಥಿತಿಗತಿ ತಿಳಿಯದೆ ಹಿಂದುಳಿದವರು ಯಾರೆಂದು ಹೇಳುವುದಾದರೂ ಹೇಗೆ?

ಚಟ್ನಿಯವರಿಗೆ ಆ ಕಷ್ಟವಿಲ್ಲ. ಮುಂದಿನ ಸಲ ಫಾರ್ಮು ಕೈಗೆ ಬಂದಾಗ ಕೆಂಪು ನಕ್ಷತ್ರ ಎಲ್ಲೆಲ್ಲಿದೆ ನೋಡಿಕೊಳ್ಳಿ. ಅದಿಲ್ಲದ ಕಾಲಂ ಖಾಲಿ ಬಿಟ್ಟರೂ ಫಾರ್ಮು ಹೋಗುತ್ತದೆ.