ಕೋಳಿಗಳ ಕೂಡು ಕುಟುಂಬ

ಬೇರೆ ಬೇರೆ ಹೊತ್ತಿನಲ್ಲಿ ಮನೆಗೆ ಬಂದ ಕೋಳಿಮರಿಗಳ ಎರಡು ಗುಂಪನ್ನು ಒಂದೇ ಗೂಡಿಗೆ ಒಗ್ಗಿಸುವ ಕೆಲಸ ಮೇಲ್ನೋಟಕ್ಕೆ ಸುಲಭ: ಬಾಗಿಲು ತೆರೆಯುವುದು, ಒಳಗೆ ಬಿಡುವುದು, ಬಾಗಿಲು ಹಾಕುವುದು. ಹಿತ್ತಲಲ್ಲಿ ಕೋಳಿ ಸಾಕುವವರು ಮೊದಲ ಸಲ ಮಾಡುವುದೂ ಇಷ್ಟನ್ನೇ. ಎರಡನೆಯ ಸಲ ಯಾರೂ ಹಾಗೆ ಮಾಡುವುದಿಲ್ಲ.

ತೊಂದರೆ ಹುಟ್ಟುವುದು ಲೆಕ್ಕದಿಂದ. ಆಸೆಪಟ್ಟು 10 ನಾಟಿ ಮರಿ ತಂದಿರುತ್ತಾರೆ. ಬೆಕ್ಕು ಒಂದನ್ನು, ಹದ್ದು ಒಂದನ್ನು ತಂತಮ್ಮ ಪಾಲೆಂದು ಒಯ್ಯುತ್ತವೆ. ಗೂಡು ಬಿಕೋ ಎನ್ನುತ್ತದೆಂದು ತಿಂಗಳ ಮೇಲೆ ಇನ್ನೂ 6 ಮರಿ ಬರುತ್ತವೆ. ಈ ಸಲ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯವು. ಮನುಷ್ಯರ ಲೆಕ್ಕದಲ್ಲಿ 8ಕ್ಕೆ 6 ಕೂಡಿದರೆ 14. ಕೋಳಿಗಳ ಲೆಕ್ಕದಲ್ಲಿ ಅದು 8 ಮನೆಮಂದಿ ಮತ್ತು 6 ಕಳ್ಳರು.

ಕೋಳಿಗಳ ಈ ಲೆಕ್ಕವನ್ನು ಮೊದಲು ಶ್ರದ್ಧೆಯಿಂದ ಬರೆದಿಟ್ಟವರು ನಾರ್ವೆಯ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂದು ಹುಡುಗರಾಗಿದ್ದಾಗಲೇ ಗುರುತು ಹಾಕಿಕೊಳ್ಳುತ್ತಿದ್ದ ಅವರು 1921ರಲ್ಲಿ ಅದನ್ನೇ ಡಾಕ್ಟರೇಟ್ ಪ್ರಬಂಧವಾಗಿಸಿದರು. ಅವರು ಕಂಡ ವ್ಯವಸ್ಥೆ ಸರಳವಾದದ್ದು. ಮೊದಲನೆಯ ಕೋಳಿ ಎಲ್ಲವನ್ನೂ ಕುಕ್ಕಬಹುದು. ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದೆಲ್ಲವನ್ನೂ. ಕೊನೆಯದು ನೆಲವನ್ನು ಮಾತ್ರ. ಕ್ರೂರವೆನಿಸಿದರೂ ಇದು ಮಿತವ್ಯಯದ ಏರ್ಪಾಡು. ಸ್ಥಾನ ಒಮ್ಮೆ ಇತ್ಯರ್ಥವಾದರೆ ದಿನವೂ ಹೊಡೆದಾಡಬೇಕಿಲ್ಲ, ಓರೆನೋಟವೇ ಸಾಕು. ಆದರೆ ಹೊಸಬರು ಬಂದರೆ ಹಳೆಯ ಪಟ್ಟಿ ರದ್ದಾಗುತ್ತದೆ. 8 ಹಳಬರು 6 ಹೊಸಬರನ್ನು ಒಂದೊಂದಾಗಿ ಎದುರಿಸಿದರೆ 48 ಜೋಡಿ. ಅಷ್ಟೂ ವ್ಯಾಜ್ಯ ಬಗೆಹರಿಯಬೇಕು. ಕೋಳಿಗಳು ಪರಸ್ಪರ ಗುರುತಿಸುವುದು ಮುಖ್ಯವಾಗಿ ತಲೆಯಿಂದ, ಅಂದರೆ ಜುಟ್ಟು, ಗಲ್ಲದ ತೊಗಲು, ಮುಖದ ಬಣ್ಣದಿಂದ. ಗುರುತಿಲ್ಲದ ಜುಟ್ಟು ಕಂಡರೆ ಕುಕ್ಕಿದ ಮೇಲೆಯೇ ವಿಚಾರಣೆ.

ಹುಟ್ಟಿ ಕೆಲವೇ ದಿನಗಳಾದ ಮರಿಗಳಿಗೆ ಈ ರಾಜಕೀಯ ತಿಳಿಯದು. ನಾಲ್ಕೈದು ದಿನಗಳ ಅಂತರದ ಎರಡು ಗುಂಪನ್ನು ಒಂದೇ ಬಲ್ಬಿನ ಕಾವಿಗೆ ಬಿಟ್ಟರೆ ಒಂದರ ಮೇಲೊಂದು ಬಿದ್ದು ನಿದ್ದೆ ಹೋಗುತ್ತವೆ. ಕಾವು ಕೂತ ಹೇಂಟೆ ಮನೆಯಲ್ಲಿದ್ದರೆ ಇನ್ನೂ ಸುಲಭ. ಅದರ ಮೊಟ್ಟೆಗಳು ಒಡೆದು ಒಂದೆರಡು ದಿನದೊಳಗೆ, ಅಷ್ಟೇ ವಯಸ್ಸಿನ ಹೊರಗಿನ ಮರಿಗಳನ್ನು ರಾತ್ರಿ ಸದ್ದಿಲ್ಲದೆ ರೆಕ್ಕೆಯಡಿಗೆ ಸೇರಿಸಿದರೆ, ಬೆಳಿಗ್ಗೆ ತಾಯಿ ಸಾಮಾನ್ಯವಾಗಿ ತಲೆ ಎಣಿಸುವುದಿಲ್ಲ. ವಾರ ಕಳೆದರೆ ಅದೇ ತಾಯಿ ಪರರ ಮರಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಆರರಿಂದ ಹತ್ತು ವಾರಗಳ ಹೊತ್ತಿಗೆ ಮರಿಗಳಲ್ಲೂ ಮೇಲು ಕೀಳು ಗಟ್ಟಿಯಾಗುತ್ತದೆ. ಕೂಡಿಸುವ ಕಲೆ ಬೇಕಾಗುವುದು ಅಲ್ಲಿಂದ ಮುಂದೆ.

ಮೊದಲ ಹೆಜ್ಜೆ ದೂರವಿಡುವುದು. ಕೋವಿಡ್ ಬಂದು ಹೋದ ಮೇಲೆ ಕ್ವಾರಂಟೈನ್ ಎಂಬ ಪದವನ್ನು ವಿವರಿಸುವ ಕಷ್ಟವಿಲ್ಲ. ಹೊಸ ಮರಿಗಳನ್ನು ಮೂರು ನಾಲ್ಕು ವಾರ ಬೇರೆ ಜಾಗದಲ್ಲಿ, ಬೇರೆ ನೀರಿನ ಬಟ್ಟಲಿಟ್ಟು ಸಾಕಬೇಕು. ಕೊಕ್ಕರೆ ರೋಗ ಹೊಕ್ಕರೆ ಎರಡೂ ಗುಂಪು ಒಟ್ಟಿಗೇ ಹೋಗುತ್ತವೆ. ಅದು ಯಾರೂ ಬಯಸುವ ಐಕ್ಯವಲ್ಲ. ಲಸಿಕೆ ಎರಡು ಕಡೆಯವಕ್ಕೂ ಆಗಿರಬೇಕು. ರಕ್ತಭೇದಿಯ ರೋಗಾಣು ದೊಡ್ಡ ಕೋಳಿಯ ಹೊಟ್ಟೆಯಲ್ಲಿ ಸುಮ್ಮನಿದ್ದು ಎಳೆಯದನ್ನು ಮಲಗಿಸಬಲ್ಲದು. ಆದ್ದರಿಂದ ದಿನವೂ ಎಳೆಯವಕ್ಕೆ ಮೊದಲು ಮೇವು ಹಾಕಿ ಆಮೇಲೆ ದೊಡ್ಡವುಗಳ ಬಳಿ ಹೋಗುವುದು ಕ್ರಮ.

ಎರಡನೆಯ ಹೆಜ್ಜೆ ಹೆಣ್ಣು ನೋಡುವ ಶಾಸ್ತ್ರದಂಥದ್ದು: ನೋಡಬಹುದು, ಮುಟ್ಟುವಂತಿಲ್ಲ. ಕೋಳಿಯನ್ನು ಕೇಳಿ ಖಾರ ಅರೆಯುವುದಿಲ್ಲ ಎಂಬ ಗಾದೆ ಅಡುಗೆಮನೆಗೆ ಸರಿ; ಗೂಡಿನ ವಿಷಯದಲ್ಲಿ ಕೋಳಿಯನ್ನೇ ಕೇಳಬೇಕು. ಕೇಳುವ ಸಾಧನ ಒಂದು ತಂತಿಬಲೆ. ನಡುವೆ ಬಲೆ ಕಟ್ಟಿ, ಎರಡೂ ಬದಿಯಲ್ಲಿ ಬಲೆಗೆ ತಾಗಿದಂತೆ ಮೇವಿಡುತ್ತಾರೆ. ಮೊದಲ ದಿನ ಹಳೆಯವು ಕಾಳು ಬಿಟ್ಟು ಬಲೆಯನ್ನು ಕುಕ್ಕುತ್ತವೆ. ಒಂದೆರಡು ವಾರದಲ್ಲಿ ಬೇಸರ ಬಂದು ಕಾಳಿಗೇ ಮರಳುತ್ತವೆ. ಆ ಬೇಸರವೇ ಒಪ್ಪಿಗೆ.

ಬಲೆ ತೆಗೆಯುವ ಮುನ್ನ ಗಾತ್ರ ನೋಡಬೇಕು, ಹುಟ್ಟಿದ ದಿನವನ್ನಲ್ಲ. ಗಿರಿರಾಜ ಬೇಗ ಮೈ ತುಂಬಿಕೊಳ್ಳುವ ತಳಿ. ತಿಂಗಳು ತಡವಾಗಿ ಹುಟ್ಟಿದರೂ ನಾಟಿ ಅಣ್ಣಂದಿರಿಗೆ ಬೇಗನೆ ಸಮನಾಗಬಲ್ಲದು. ಚಿಕ್ಕದನ್ನು ಒಂಟಿಯಾಗಿ ಬಿಡಬಾರದು. ಆರೂ ಒಟ್ಟಿಗೆ ಹೋದರೆ ಏಟು ಹಂಚಿಹೋಗುತ್ತದೆ. ಮೊದಲ ಭೇಟಿ ಹಳಬರ ಗೂಡಿನಲ್ಲಿ ಬೇಡ, ಬಯಲಲ್ಲಿರಲಿ. ತಿಪ್ಪೆಯಿದ್ದರೆ ಉತ್ತಮ: ಕೆದಕಲು ಹುಳುವಿರುವಾಗ ಕೆಣಕಲು ಬಿಡುವಿರುವುದಿಲ್ಲ. ಮೇವಿನ ತಟ್ಟೆ ಎರಡು ಮೂರು ಕಡೆ ಇರಬೇಕು. ಒಂದೇ ತಟ್ಟೆಯಾದರೆ ಮೊದಲ ಪಂಕ್ತಿಯವು ಏಳುವುದೇ ಇಲ್ಲ. ಓಡಿಹೋಗಿ ಅಡಗಲು ಒಂದು ಮುರಿದ ಮಂಕರಿ, ಒರಗಿಸಿದ ಹಲಗೆ, ದೊಡ್ಡವು ನುಗ್ಗಲಾರದ ಕಿಂಡಿ ಬೇಕು.

ಮೇವಿನಲ್ಲೂ ರಾಜಿ ಬೇಕು. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಸುಣ್ಣದಂಶ ಹೆಚ್ಚು. ಅದು ಎಳೆಯವುಗಳ ಮೂತ್ರಪಿಂಡಕ್ಕೆ ಹಾನಿ. ಹಿಂಡಿನಲ್ಲಿ ಮೊಟ್ಟೆಯಿಡುವ ಹೇಂಟೆಗಳೂ ಇದ್ದರೆ ಎಲ್ಲಕ್ಕೂ ಬೆಳೆಯುವ ಮರಿಗಳ ಆಹಾರ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡುವುದು ವಾಡಿಕೆ. ಬೇಕಾದದ್ದು ತಿನ್ನುತ್ತದೆ.

ಕತ್ತಲಲ್ಲಿ ಕೋಳಿಗೆ ಕಣ್ಣು ಮಂದ. ಇದನ್ನು ನಂಬಿ ಹೊಸಬರನ್ನು ರಾತ್ರಿ ಅಡ್ಡಗಳುವಿನ ಮೇಲೆ ಕೂರಿಸುವ ಉಪಾಯವೊಂದಿದೆ. ಬೆಳಗಾದಾಗ ಪಕ್ಕದಲ್ಲಿರುವುದು ಎಂದಿನ ನೆರೆಯವರೇ ಎಂದು ಹಳಬರು ತಿಳಿಯಲಿ ಎಂಬುದು ಆಸೆ. ಬಲೆಯಾಚೆಯ ಪರಿಚಯ ಮೊದಲೇ ಆಗಿದ್ದರೆ ಇದು ಫಲಿಸುತ್ತದೆ. ಇಲ್ಲದಿದ್ದರೆ ಜಗಳ ಬೆಳಕು ಹರಿಯುವವರೆಗೆ ಮುಂದೂಡಲ್ಪಡುತ್ತದೆ, ಅಷ್ಟೆ. ಕೋಳಿಗೆ ಮುಂಚೆ ಏಳುವ ಕರ್ಮ ಮನೆಯವರಿಗೆ ತಪ್ಪದು. ಗಳುವಿನಲ್ಲಿ ತಲೆಗೆ 20 ಸೆಂಟಿಮೀಟರಿನಷ್ಟಾದರೂ ಜಾಗವಿರಬೇಕು. ಬಸ್ಸಿನ ಸೀಟಿಗೆ ಟವೆಲ್ ಎಸೆಯುವ ಸೌಕರ್ಯ ಇಲ್ಲಿಲ್ಲದ್ದರಿಂದ, ಮೊದಲೇರಿದ್ದು ಕೊಕ್ಕಿನಿಂದಲೇ ಸ್ಥಳ ಕಾಯ್ದಿರಿಸುತ್ತದೆ.

ಎದೆ ಸೆಟೆಸುವುದು, ಅಟ್ಟುವುದು, ನಾಲ್ಕು ಪುಕ್ಕ ಉದುರುವುದು ಮಾಮೂಲು. ನಡುವೆ ಕೈ ಹಾಕಿದರೆ ವ್ಯಾಜ್ಯ ಮುಂದಕ್ಕೆ ಹೋಗುತ್ತದೆಯೇ ಹೊರತು ತೀರ್ಮಾನವಾಗುವುದಿಲ್ಲ. ರಕ್ತ ಕಂಡರೆ ಮಾತ್ರ ತಡಮಾಡಬಾರದು. ಕೆಂಪು ಕಂಡಲ್ಲಿ ಇಡೀ ಹಿಂಡು ಕುಕ್ಕತೊಡಗುತ್ತದೆ. ಗಾಯಗೊಂಡದ್ದನ್ನು ಬೇರೆ ಮಾಡಿ ಆರೈಕೆ ಮಾಡಬೇಕು. ಒಂದೇ ಕೋಳಿ ಎಲ್ಲಕ್ಕೂ ಕಾಟ ಕೊಡುತ್ತಿದ್ದರೆ ಅದನ್ನೇ ಮೂರು ನಾಲ್ಕು ದಿನ ಮಂಕರಿಯಡಿ ಹಾಕುವುದುಂಟು. ಹೊರಬರುವಷ್ಟರಲ್ಲಿ ಅದರ ಕುರ್ಚಿಯಲ್ಲಿ ಇನ್ನೊಂದು ಕೂತಿರುತ್ತದೆ. ಅಧಿಕಾರ ಹೋದ ಮೇಲೆ ಕೋಳಿಯೂ ಸಜ್ಜನವಾಗುತ್ತದೆ. ಹುಂಜಗಳು ಬೆಳೆದಂತೆ ಎಂಟು ಹತ್ತು ಹೇಂಟೆಗೆ ಒಂದನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಉಳಿದವುಗಳ ವಿಷಯದಲ್ಲಿ ಹಳೆಯ ಗಾದೆ ಮತ್ತೆ ಜಾರಿಗೆ ಬರುತ್ತದೆ.

ಬಲೆ ತೆಗೆದ ಮೇಲೂ ಕೆಲವು ವಾರ ಎರಡು ಗುಂಪು ಒಂದೇ ಅಂಗಳದ ಎರಡು ಮೂಲೆಯಲ್ಲಿ ಮೇಯುತ್ತವೆ. ಆಮೇಲೊಂದು ಮಧ್ಯಾಹ್ನ ಹಳೆಯದೊಂದು, ಹೊಸದೊಂದು ಒಂದೇ ಗುಂಡಿಯಲ್ಲಿ ಮಣ್ಣು ಮೀಯುವುದು ಕಾಣುತ್ತದೆ. ಸಂಜೆ ಗಳುವಿನ ಮೇಲೆ ಸಾಲು ಬೆರೆತಿರುತ್ತದೆ. ಅದುವರೆಗೆ ಗೂಡಿನ ಬಾಗಿಲು ಹಾಕುವಾಗ ಎಂಟು, ಆಮೇಲೆ ಆರು ಎಂದು ಎಣಿಸುತ್ತಿದ್ದವರು, ಅಂದು ತಮಗೇ ಅರಿವಿಲ್ಲದೆ ಹದಿನಾಲ್ಕು ಎಂದು ಎಣಿಸಿ ಅಗುಳಿ ಹಾಕುತ್ತಾರೆ.