ಸರಂಜಾಮಣ್ಣನ ಬೇಸಿಗೆ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಗೇಟು ದಾಟಿದರೆ ಅದೇ ಗೇಟಿನಿಂದ ಕೊರಿಯರ್ ಹುಡುಗರು ಒಳಗೆ ಬರತೊಡಗುತ್ತಾರೆ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಬೇಕಾದರೂ ಹೋಗಿ ನೋಡಿ, ಅಲ್ಲೊಬ್ಬ ಸರಂಜಾಮಣ್ಣ ಇದ್ದೇ ಇರುತ್ತಾನೆ. ವಯಸ್ಸು ನಲವತ್ತರ ಆಸುಪಾಸು, ಕೆಲಸ ಕಂಪ್ಯೂಟರ್ ಮುಂದೆ, ಹೊಟ್ಟೆ ಈಗಷ್ಟೇ ಬೆಲ್ಟಿನ ಮೇಲಿಂದ ಇಣುಕಲು ಕಲಿತಿದೆ. ಡಾಕ್ಟರು ‘ಸ್ವಲ್ಪ ನಡೀರಿ’ ಎಂದಿದ್ದರು. ಬೇರೆಯವರಾಗಿದ್ದರೆ ಎದ್ದು ನಡೆಯುತ್ತಿದ್ದರು. ಇವನು ಯಾವ ಬೂಟು ಹಾಕಿಕೊಂಡು ನಡೆಯಬೇಕು ಎಂದು ಓದಲು ಕೂತ. ತಿಂಗಳುಗಟ್ಟಲೆ ಕೂತೇ ಇದ್ದ.

ಗೃಹಪ್ರವೇಶದ ದಿನ ‘ಇದು ಮಕ್ಕಳು ಓದೋ ರೂಮು’ ಎಂದು ಬಂದವರಿಗೆಲ್ಲ ತೋರಿಸಿದ ಕೋಣೆ ಈಗ ಅವನ ಬೇಸ್ ಕ್ಯಾಂಪ್. ಮಕ್ಕಳು ಡೈನಿಂಗ್ ಟೇಬಲ್ಲಿನಲ್ಲಿ ಓದುತ್ತಾರೆ. ಕೋಣೆಯ ಬಾಗಿಲು ತೆರೆದರೆ 60 ಲೀಟರಿನ ಬೆನ್ನುಚೀಲ ಎದುರಾಗುತ್ತದೆ. ಅದರ ಹಿಂದೆ ಮಲಗುವ ಚೀಲ. “ಮೈನಸ್ ಐದು ಡಿಗ್ರಿವರೆಗೂ ತಡೆಯುತ್ತೆ ಸಾರ್” ಎನ್ನುತ್ತಾನೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆ ಚೀಲ ತನ್ನ ಪೂರ್ತಿ ಕೈಚಳಕ ತೋರಿಸಬೇಕಾದರೆ ಈ ಊರಿಗೆ ಇನ್ನೊಂದು ಹಿಮಯುಗವೇ ಬರಬೇಕು. ಇತ್ತ 2016ರ ಏಪ್ರಿಲ್‌ನಲ್ಲಿ ಊರು 39.2 ಡಿಗ್ರಿ ಮುಟ್ಟಿ ದಾಖಲೆ ಬರೆಯಿತಲ್ಲ, ಆ ಬೇಸಿಗೆಯಲ್ಲೇ ಇವನು ಅದರೊಳಗೆ ಹೊಕ್ಕು ಜಿಪ್ ಪರೀಕ್ಷೆ ಮಾಡಿದ್ದು. ಜಿಪ್ ಕತ್ತಿನವರೆಗೆ ಬಂದು ಕಚ್ಚಿಕೊಂಡಿತು. ಹೆಂಡತಿ ತರಕಾರಿಗೆ ಹೋಗಿದ್ದಳು. ಒಳಗಿನಿಂದ ಹೊರಟ ಆರ್ತನಾದ ಕೇಳಿ ಓಡಿಬಂದ ಪಕ್ಕದ ಮನೆಯವರು ಮೊದಲು ವಿಡಿಯೋ ಮಾಡಿಕೊಂಡು ಆಮೇಲೆ ಜಿಪ್ ಎಳೆದರು.

ಅವನು ಎಲ್ಲವನ್ನೂ ಕೊಳ್ಳುವುದು ಫೆಬ್ರವರಿಯಿಂದ ಮೇ ನಡುವೆ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಕುಮಾರಪರ್ವತದಂಥ ಚಾರಣದ ದಾರಿಗಳಿಗೆ ಬೀಗ ಹಾಕುವುದೂ ಸರಿಸುಮಾರು ಅದೇ ತಿಂಗಳುಗಳಲ್ಲಿ. ಇದನ್ನು ಕಾಕತಾಳೀಯ ಎನ್ನುವವರು ಸರಂಜಾಮಣ್ಣನನ್ನು ಅರ್ಥ ಮಾಡಿಕೊಂಡಿಲ್ಲ. ದಾರಿ ತೆರೆದಿದ್ದರೆ ಹೋಗಬೇಕಾಗುತ್ತದೆ. ಮುಚ್ಚಿದ್ದರೆ ನೆಮ್ಮದಿಯಾಗಿ ತಯಾರಿ ಮಾಡಿಕೊಳ್ಳಬಹುದು. “ಪರ್ಮಿಷನ್ ಕೊಡ್ತಾ ಇಲ್ಲ ಸಾರ್, ಇಲ್ಲಾಂದ್ರೆ ಈ ವಾರಾನೇ ಹೊರಟುಬಿಡ್ತಿದ್ದೆ” ಎಂದು ಲಿಫ್ಟಿನಲ್ಲಿ ನಿಟ್ಟುಸಿರು ಬಿಡುವಾಗ ಅವನ ಮುಖದ ಮೇಲಿನ ಸಮಾಧಾನ ನೋಡುವಂಥದ್ದು.

ಬಿಸಿಲಿನ ಬಟ್ಟೆಯ ವಿಷಯ ಎತ್ತಿದಿರೋ, ನಿಮ್ಮ ಲಿಫ್ಟು ಎಂಟನೇ ಮಹಡಿಗೆ ಹೋಗಿ ವಾಪಸ್ ಬಂದಿರುತ್ತದೆ. ಯುಪಿಎಫ್ 50 ಎಂದರೆ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲು ಮಾತ್ರ ಬಟ್ಟೆ ದಾಟಿ ಚರ್ಮ ಮುಟ್ಟುತ್ತದೆ, ಸಾದಾ ಬಿಳಿ ಹತ್ತಿ ಟೀ ಶರ್ಟಿಗೆ ಅದು ಐದರ ಆಜುಬಾಜು, ಒದ್ದೆಯಾದರೆ ಇನ್ನೂ ಕಡಿಮೆ. ಇಷ್ಟು ಹೇಳುವಾಗ ಅವನು ತೊಟ್ಟಿರುವುದು ಕಪ್ಪು ಶರ್ಟು. ಬಿಸಿಲಿಗೆ ಕಪ್ಪೇ ಎಂದು ಯಾರಾದರೂ ಬಾಯಿಬಿಟ್ಟರೆ ಅದಕ್ಕೂ ಉತ್ತರ ಸಿದ್ಧ. ಮರುಭೂಮಿಯ ಬೆದೂಯಿನರು ಕಪ್ಪು ನಿಲುವಂಗಿಯನ್ನೇಕೆ ತೊಡುತ್ತಾರೆ ಎಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಕಪ್ಪು ಬಟ್ಟೆ ಹೆಚ್ಚಾಗಿ ಹೀರಿದ ಶಾಖ ಮೈಯವರೆಗೆ ಬರುವ ಮೊದಲೇ ಹೊರಟುಹೋಗುತ್ತದಂತೆ. ಅದಕ್ಕೆ ನಿಲುವಂಗಿ ಗಾಳಿಯಾಡುವಷ್ಟು ದೊಗಳೆಯಾಗಿರಬೇಕು ಎಂಬ ಭಾಗವನ್ನು ಮಾತ್ರ ಅವನು ಹೇಳುವುದಿಲ್ಲ. ಅವನ ಶರ್ಟು ಹೊಟ್ಟೆಯ ಮೇಲೆ ಚರ್ಮದಷ್ಟೇ ಬಿಗಿಯಾಗಿದೆ.

ಹತ್ತಿಯನ್ನು ಕಂಡರೆ ಅವನಿಗಾಗದು. “ಕಾಟನ್ ಕಿಲ್ಸ್” ಎನ್ನುತ್ತಾನೆ. ಇಲ್ಲಿ ನಾನೊಂದು ಮಾತು ಅಡ್ಡ ಹಾಕಲೇಬೇಕು. ಅದು ಚಳಿದೇಶದ ಬೆಟ್ಟಗಳಲ್ಲಿ ಹುಟ್ಟಿದ ಮಾತು. ಅಲ್ಲಿ ಒದ್ದೆ ಹತ್ತಿ ಮೈಯ ಕಾವನ್ನೆಲ್ಲ ಹೀರಿ ನಡುಗಿಸುತ್ತದೆ, ನಿಜ. ರಾಯಚೂರಿನ ಒಣ ಬಿಸಿಲಲ್ಲಿ ನಮಗೆ ಬೇಕಾಗಿರುವುದೇ ಆ ಹೀರಾಟ. ಒಂದು ಲೀಟರ್ ನೀರು ಮೈಮೇಲೆ ಆರುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಹೊಲದಲ್ಲಿರುವವರು ಟವೆಲ್ಲನ್ನು ತೋಯಿಸಿ ತಲೆಗೆ ಸುತ್ತುವುದು, ಹಿಂದೆ ಲಾರಿಗಳ ಮುಂದೆ ಕ್ಯಾನ್ವಾಸಿನ ನೀರುಚೀಲ ಜಿನುಗುತ್ತ ತೂಗಾಡುತ್ತಿದ್ದುದು, ಎಲ್ಲ ಇದೇ ಲೆಕ್ಕ. ಅದೇ ಮಂಗಳೂರಿಗೆ ಇಳಿದರೆ ಆಟ ಬೇರೆ. ಗಾಳಿಯೇ ನೀರು ಕುಡಿದು ಕೂತಿರುವಾಗ ಹತ್ತಿಯ ಮೇಲಿನ ಬೆವರೂ ಆರದು, ಪಾಲಿಯೆಸ್ಟರಿನ ಮೇಲಿನದೂ ಆರದು. ಫ್ಯಾನಿನ ಕೆಳಗೆ ಕೂತು ಪುನರ್ಪುಳಿ ಶರಬತ್ತು ಕುಡಿಯುವುದೇ ಅಲ್ಲಿಯ ಗೇರ್. ಇದನ್ನೆಲ್ಲ ಸರಂಜಾಮಣ್ಣನಿಗೆ ಹೇಳಿದೆ. ಬಹಳ ಗಂಭೀರವಾಗಿ ಕೇಳಿಸಿಕೊಂಡ. ಮುಂದಿನ ವಾರ ಒಣಹವೆಗೊಂದು, ತೇವದ ಹವೆಗೊಂದು ಎಂದು ಎರಡು ಶರ್ಟು ಬಂದವು. ರಾಯಚೂರಿಗಾಗಲೀ ಮಂಗಳೂರಿಗಾಗಲೀ ಹೋಗುವ ಕಾರ್ಯಕ್ರಮ ಇರಲಿಲ್ಲ.

ಇಷ್ಟೆಲ್ಲಕ್ಕೂ ದುಡ್ಡೆಷ್ಟು ಎಂದು ಹೆಂಡತಿ ಕೇಳುವುದಿಲ್ಲವೇ? ಕೇಳುತ್ತಾಳೆ. “ಶೇಕಡಾ ಅರವತ್ತು ಡಿಸ್ಕೌಂಟಲ್ಲಿ ಬಂತು ಕಣೇ” ಎನ್ನುತ್ತಾನೆ. ಅವಳು ನಂಬುತ್ತಾಳೆ. ನಂಬಲೇಬೇಕು, ಏಕೆಂದರೆ ಅವಳ ಸೀರೆಗಳೆಲ್ಲ ಬಂದಿರುವುದೂ ಶೇಕಡಾ ಅರವತ್ತು ಡಿಸ್ಕೌಂಟಿನಲ್ಲೇ. ಇಬ್ಬರೂ ಪರಸ್ಪರ ರಸೀದಿ ಕೇಳದೆ ಇರುವ ಸುಖಸಂಸಾರ.

ಅವನ ಅತಿ ಪ್ರೀತಿಯ ವಸ್ತು ಬೆನ್ನಿಗೆ ಹಾಕಿಕೊಳ್ಳುವ ನೀರಿನ ಚೀಲ. ಅದರ ಪುರಾಣವನ್ನು ಅವನ ಬಾಯಲ್ಲೇ ಕೇಳಬೇಕು. 1989ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಸುಡುಬಿಸಿಲಿನ ನೂರು ಮೈಲಿ ಸೈಕಲ್ ಸವಾರಿ. ‘ನರಕಕ್ಕಿಂತ ಬಿಸಿ’ ಎಂದೇ ಅದರ ಹೆಸರು. ಮೈಕೆಲ್ ಈಡ್ಸನ್ ಎಂಬಾತ ತುರ್ತು ವೈದ್ಯಕೀಯ ಸೇವೆಯವನು. ಡ್ರಿಪ್ ಹಾಕುವ ಚೀಲಕ್ಕೆ ನೀರು ತುಂಬಿ, ಉದ್ದನೆಯ ಕಾಲುಚೀಲದೊಳಗೆ ಇಳಿಸಿ, ಬೆನ್ನಿಗೆ ಸಿಕ್ಕಿಸಿಕೊಂಡು, ನಳಿಗೆಯನ್ನು ಹೆಗಲ ಮೇಲಿಂದ ಬಾಯಿಗೆ ತಂದುಕೊಂಡು ಸೈಕಲ್ ತುಳಿದ. ಕ್ಯಾಮೆಲ್‌ಬ್ಯಾಕ್ ಎಂಬ ಕಂಪನಿಯೇ ಅದರಿಂದ ಹುಟ್ಟಿತು. ಕತೆ ನಿಜ, ಚೆನ್ನಾಗಿಯೂ ಇದೆ. ಆದರೆ ಅದರ ನೀತಿ ಸರಂಜಾಮಣ್ಣನಿಗೆ ಉಲ್ಟಾ ತಲುಪಿದೆ. ಈಡ್ಸನ್ ಮನೆಯಲ್ಲಿದ್ದದ್ದನ್ನು ಕಟ್ಟಿಕೊಂಡು ಹೊರಟುಬಿಟ್ಟಿದ್ದ.

ರಾಮನವಮಿಯ ದಿನ ಆ ಚೀಲ ಹಾಕಿಕೊಂಡು ಅವನು ಪೆಂಡಾಲಿಗೆ ಬಂದ. ಪಾನಕದ ಕೊಳಗದ ಮುಂದೆ ನಿಂತು ಪುಟ್ಟ ಭಾಷಣ ಮಾಡಿದ. “ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಓಆರ್‌ಎಸ್ ಫಾರ್ಮುಲಾ ಬದಲಾಯಿಸಿತು. ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಸಕ್ಕರೆ ಜೊತೆ ಉಪ್ಪಿದ್ರೇನೇ ಕರುಳು ನೀರನ್ನ ಬೇಗ ಎಳಕೊಳ್ಳೋದು. ನಿಮ್ಮ ಪಾನಕದಲ್ಲಿ ಬೆಲ್ಲ ಇದೆ, ಸೋಡಿಯಂ ಇಲ್ಲ ಭಟ್ರೇ.” ಭಟ್ಟರು ಮಾತಾಡದೆ ಎಲೆಯ ಮೇಲೆ ಒಂದು ಹಿಡಿ ಕೋಸಂಬರಿ, ಲೋಟದಲ್ಲಿ ನೀರುಮಜ್ಜಿಗೆ ಕೊಟ್ಟರು. “ಸೋಡಿಯಂ ಇದರಲ್ಲಿದೆ. ಪಂಕ್ತಿ ಬಿಟ್ಟು ಪಕ್ಕಕ್ಕೆ ಬನ್ನಿ.” ಭಟ್ಟರ ಈ ಲೆಕ್ಕ ಅವನಿಗೆ ಅದೆಷ್ಟು ಹಿಡಿಸಿತೆಂದರೆ ಪಾನಕವನ್ನೇ ಚೀಲಕ್ಕೆ ತುಂಬಿಸಿಕೊಂಡ. ಕುಟ್ಟಿದ ಮೆಣಸು ನಳಿಗೆಯ ಬಾಯಲ್ಲಿ ಸಿಕ್ಕಿಕೊಂಡು ಬಾಯಿ ಹಾಕಿ ಎಳೆದರೂ ಬರಲೊಲ್ಲದು. ಜೋರಾಗಿ ಎಳೆದಾಗ ಮೆಣಸು ಮೊದಲು ಬಂತು, ಪಾನಕ ಆಮೇಲೆ. ಬೇಸ್ ಕ್ಯಾಂಪಿಗೆ ಅಂದಿನಿಂದ ಇರುವೆಗಳ ದಂಡಯಾತ್ರೆ.

ಹಾಗೆಂದು ಅವನು ಹೊರಡುವುದೇ ಇಲ್ಲ ಎಂದು ತಿಳಿಯಬೇಡಿ. ಬೇಸಿಗೆಗೊಂದು ಯಾತ್ರೆ ಉಂಟು. ಕಾಡು ಮುಚ್ಚಿದ್ದರೂ ದೇವರ ಬೆಟ್ಟ ತೆರೆದಿರುತ್ತದಲ್ಲ, ಶಿವಗಂಗೆ. ಬೆಳಗಿನ ಜಾವ ನಾಲ್ಕಕ್ಕೆ ಬಿಡಬೇಕೆಂದು ಅಪಾರ್ಟ್‌ಮೆಂಟಿನ ಗೆಳೆಯರಿಗೆಲ್ಲ ತಾಕೀತು ಮಾಡಿದವನು ಅವನೇ, ಬ್ಯಾಗು ಬಿಚ್ಚಿ ಮತ್ತೆ ತುಂಬುತ್ತ ಎಂಟಕ್ಕೆ ಇಳಿದುಬಂದವನೂ ಅವನೇ. ದಾರಿಯುದ್ದಕ್ಕೂ ಧೈರ್ಯ ಹೇಳಿದ. “ಸಾವಿರ ಮೀಟರ್ ಏರಿದ್ರೆ ಆರೂವರೆ ಡಿಗ್ರಿ ಇಳಿಯುತ್ತೆ. ತುದಿಯಲ್ಲಿ ಎರಡು ಮೂರು ಡಿಗ್ರಿ ತಂಪು ಗ್ಯಾರಂಟಿ.” ಆ ಎರಡು ಮೂರು ಡಿಗ್ರಿ ಗಾಳಿಯಲ್ಲಿತ್ತು. ಹತ್ತೂವರೆಯ ಬಿಸಿಲಿಗೆ ಕಾದ ಬಂಡೆಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ.

ಗಂಗಾಧರೇಶ್ವರನ ಗುಡಿಯವರೆಗೆ ಸರಿಯಾಗಿಯೇ ಬಂದ. ಅಲ್ಲಿ ಬೂಟು ಬಿಡಬೇಕು. ಹೊಸ ಬೂಟು, ಕಾಲಿಗೆ ಒಗ್ಗಲೆಂದು ತಿಂಗಳಿಂದ ಹಾಲಿನ ಬೂತಿಗೂ ಭಾವಮೈದುನನ ಆರತಕ್ಷತೆಗೂ ಹಾಕಿಕೊಂಡು ಹೋಗಿ ಹಿಮ್ಮಡಿಯಲ್ಲಿ ಬೊಕ್ಕೆ ಎಬ್ಬಿಸಿಕೊಂಡಿದ್ದ. ಅದನ್ನು ಮೆಟ್ಟಿಲ ಬಳಿ ಅನಾಥವಾಗಿ ಬಿಡುವುದುಂಟೆ? ಇನ್ನು ಬ್ಯಾಗು. ಶಿವಗಂಗೆಯ ಕೋತಿಗಳಿಗೆ ಜಿಪ್ ಎಳೆಯಲು ಅವನಷ್ಟು ಹೊತ್ತು ಬೇಕಾಗುವುದಿಲ್ಲ. “ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ” ಎಂದು ಮಡಚುವ ಕುರ್ಚಿ ಬಿಚ್ಚಿದ. ಹೇಗೂ ಕೂತಿದ್ದಾನಲ್ಲ ಎಂದು ಗೆಳೆಯರು ತಮ್ಮ ಚಪ್ಪಲಿಗಳನ್ನೂ ಅಲ್ಲೇ ಬಿಟ್ಟರು. ಅವರನ್ನು ನೋಡಿ ತುಮಕೂರಿನಿಂದ ಬಂದಿದ್ದ ಒಂದು ಕುಟುಂಬ ಬಿಟ್ಟಿತು. ಅರ್ಧ ಗಂಟೆಯಲ್ಲಿ ಅವನ ಸುತ್ತ ಪಾದರಕ್ಷೆಯ ಸಾಲು, ಜೊತೆಗೊಂದು ಮಲಗಿದ ಮಗು. ಯಾರೋ ಒಬ್ಬರು ಹಿಂತಿರುಗುವಾಗ ಐದು ರೂಪಾಯಿ ಇಟ್ಟುಹೋದರು. ಅವನಿಗೆ ಬೇಸರವೇನೂ ಆಗಲಿಲ್ಲ. ಬಂದವರೆಲ್ಲ ಕುರ್ಚಿ, ಕೋಲು, ಕುತ್ತಿಗೆಯ ಫ್ಯಾನು ಮುಟ್ಟಿ ನೋಡಿ ‘ಎಷ್ಟಾಯ್ತು ಸ್ವಾಮಿ’ ಎಂದು ಕೇಳಿದ್ದರು. ಅಪರಿಚಿತರಿಗೆ ಅವನು ನಿಜವಾದ ಬೆಲೆಯನ್ನೇ ಹೇಳುತ್ತಾನೆ.

ಸರಂಜಾಮಣ್ಣನ ಸಾಮಾನು ದಂಡ ಎಂದು ನಗುವವರ ಜೊತೆ ನಾನು ಸೇರುವುದಿಲ್ಲ. ಆ ಸಾಮಾನು ಬೆಟ್ಟ ಹತ್ತುವುದಿಲ್ಲ, ಅಷ್ಟೇ. ಕೆಲಸ ಭರಪೂರ ಮಾಡುತ್ತದೆ. ಎರಡನೇ ಮಹಡಿಯವರ ಗೃಹಪ್ರವೇಶದಲ್ಲಿ ಬ್ರಾಹ್ಮೀ ಮುಹೂರ್ತಕ್ಕೆ ಸರಿಯಾಗಿ ಕರೆಂಟು ಹೋದಾಗ ಪುರೋಹಿತರ ಜುಟ್ಟಿನ ಸುತ್ತ ಬಿಗಿದದ್ದು ಇವನ 400 ಲೂಮೆನ್ನಿನ ತಲೆದೀಪ. ಅವರು ಮಂತ್ರದ ನಡುವೆ ತಲೆಯೆತ್ತಿದಾಗಲೆಲ್ಲ ಯಜಮಾನ ದಂಪತಿ ಕಣ್ಣು ಮುಚ್ಚುತ್ತಿದ್ದರು. ನೋಡಿದವರು ಭಕ್ತಿ ಎಂದುಕೊಂಡರು.

ಆದರೆ ಅವನ ಕೀರ್ತಿ ನಿಂತಿರುವುದು ಟೆಂಟಿನ ಮೇಲೆ. ಕಾಡು ಮುಚ್ಚಿದ್ದ ಏಪ್ರಿಲ್ ತಿಂಗಳಲ್ಲಿ ‘ಟ್ರಯಲ್’ ಎಂದು ಅದನ್ನು ತಾರಸಿಯ ಮೇಲೆ ಕಟ್ಟಿದ್ದ. ಒಳಗೆ ಎರಡು ನಿಮಿಷ ಕೂತು ಬೇಯುವಷ್ಟರಲ್ಲಿ ಹೊರಗೆ ದನಿಗಳು ಕೇಳಿಸಿದವು. ಸಂಡಿಗೆಯ ಕಾಲ. ಮೂರನೇ ಮಹಡಿಯ ನಿವೃತ್ತ ಟೀಚರ್ ಆಂಟಿಯ ನೇತೃತ್ವದಲ್ಲಿ ಮಹಿಳೆಯರು ಹಳೆಯ ಪಂಚೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಕಾಗೆ ಬೆದರಲೆಂದು ಕಪ್ಪು ಕೊಡೆ ಬಿಚ್ಚುತ್ತಿದ್ದರು. ಮೊದಲಾದರೆ ಪರೀಕ್ಷೆ ಮುಗಿಸಿದ ಮಕ್ಕಳನ್ನು ಕೋಲು ಕೊಟ್ಟು ಕೂರಿಸುತ್ತಿದ್ದರು, ಈಗ ಅವೆಲ್ಲ ಸಮ್ಮರ್ ಕ್ಯಾಂಪಿನಲ್ಲಿ. ಬೆಂಗಳೂರಿನ ಕಾಗೆಗಳಿಗೋ ಕೊಡೆಯ ಭಯ ಹೋಗಿ ಕಾಲವಾಯಿತು.

ಆಂಟಿ ಟೆಂಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಇದೇನು, ಸೊಳ್ಳೆ ಪರದೆನಾ?”

“ಆಂಟಿ, ಇದು ತ್ರೀ ಸೀಸನ್ ಟೆಂಟು. ಮೇಲಿನ ಹೊದಿಕೆ 3,000 ಮಿಲಿಮೀಟರ್ ನೀರಿನ ಕಂಬ ತಡೆಯುತ್ತೆ.”

“ಆ ಹೊದಿಕೆ ತೆಗೆದಿಡಪ್ಪ. ಒಳಗಿನ ಜಾಲರಿ ಸಾಕು. ಬಿಸಿಲು ಬೀಳುತ್ತೆ, ಗಾಳಿ ಆಡುತ್ತೆ, ಕಾಗೆ ನುಗ್ಗಲ್ಲ.”

ಟೆಂಟಿಗಾದ ಈ ಅವಮಾನಕ್ಕೆ ಅವನ ಮುಖ ಕಪ್ಪಿಟ್ಟಿತು. ಹೆಂಡತಿ ಆ ಮಹಿಳಾ ಮಂಡಳಿಯ ಖಜಾಂಚಿ, ಇಲ್ಲ ಎನ್ನುವಂತಿರಲಿಲ್ಲ. ಒಂದೇ ದಿನಕ್ಕೆ ಎಂದು ಒಪ್ಪಿದ. ಒಪ್ಪಿದವನು ಸುಮ್ಮನಿರಬೇಕಲ್ಲ, ಮಧ್ಯಾಹ್ನ ಮೀಟಿಂಗಿನ ನಡುವೆ ಮೇಲೆ ಬಂದು ಟೆಂಟಿನ ಬಾಗಿಲನ್ನು ಗಾಳಿ ಬೀಸುವ ದಿಕ್ಕಿಗೆ ತಿರುಗಿಸಿದ. ಸಂಡಿಗೆಗಳ ನಡುವೆ ಎರಡು ಬೆರಳಿನ ಅಂತರ ಇರಲಿ ಎಂದ. ಒಳಗೊಂದು ತಾಪಮಾಪಕ ನೇತುಹಾಕಿದ. ಎರಡನೇ ದಿನದ ಹೊತ್ತಿಗೆ ಸಂಡಿಗೆ ಯಾರದು ಎಂದು ಹೊಸಬರು ಕೇಳಿದರೆ ‘ನಮ್ಮದು’ ಎನ್ನತೊಡಗಿದ್ದ.

ಮೂರನೇ ದಿನ ಸಂಜೆ ಅಶ್ವಿನಿ ಮಳೆ ಹೇಳದೆ ಕೇಳದೆ ಬಿತ್ತು. ಆಂಟಿ ಮದುವೆ ಮನೆಯಲ್ಲಿದ್ದರು. ಸರಂಜಾಮಣ್ಣ ಲ್ಯಾಪ್‌ಟಾಪ್ ತೆರೆದಂತೆಯೇ ಬಿಟ್ಟು ಮೆಟ್ಟಿಲು ಹತ್ತಿದ, ಒಮ್ಮೆಗೆ ಎರಡೆರಡು ಮೆಟ್ಟಿಲು. ಅವನು ಏನನ್ನಾದರೂ ಆ ವೇಗದಲ್ಲಿ ಹತ್ತಿದ್ದನ್ನು ನಾವು ಕಂಡದ್ದು ಅದೇ ಮೊದಲು. ಹೊದಿಕೆ ಎಳೆದು, ಹಗ್ಗಗಳನ್ನು ನೀರಿನ ಟ್ಯಾಂಕಿನ ಪೈಪಿಗೆ ಬಿಗಿದು, ಗುಡುಗಿನ ನಡುವೆ ಟೆಂಟನ್ನು ತಬ್ಬಿ ಕೂತ. ಅತ್ತ ಎದುರಿನ ಬಿಲ್ಡಿಂಗಿನ ತಾರಸಿಯಲ್ಲಿ ಸಂಡಿಗೆ ಮತ್ತೆ ಹಿಟ್ಟಾಗಿ ಪೈಪಿನಲ್ಲಿ ಇಳಿದುಹೋಯಿತು. ಇತ್ತ ಮಳೆ ನಿಂತ ಮೇಲೆ ತಲೆದೀಪ ಹಾಕಿಕೊಂಡು ಇಡೀ ಅಪಾರ್ಟ್‌ಮೆಂಟನ್ನು ಮೇಲೆ ಕರೆಸಿದ. “ಮುಟ್ಟಿ ನೋಡಿ. ಒಂದು ಹನಿ ಇದ್ರೆ ಹೇಳಿ.” ಒಬ್ಬೊಬ್ಬರೂ ಮುಟ್ಟಿ ನೋಡಿದರು. ಪಟಪಟ ಮುರಿಯುವ ಹದಕ್ಕೆ ಒಣಗಿತ್ತು. ಒದ್ದೆಯಾಗಿದ್ದವನು ಅವನೊಬ್ಬನೇ.

ಈಗ ಟೆಂಟಿಗೆ ಮುಂಗಡ ಬುಕಿಂಗ್. ಸೆಕ್ರೆಟರಿ ಪಟ್ಟಿ ಮಾಡಿ ಲಿಫ್ಟಿನ ಪಕ್ಕ ಅಂಟಿಸಿದ್ದಾರೆ. ಬೂದುಗುಂಬಳದ ಸಂಡಿಗೆಗೆ ನಾಲ್ಕು ದಿನ, ಬಾಳಕದ ಮೆಣಸಿನಕಾಯಿಗೆ ಒಂದು ವಾರ. ಮೊನ್ನೆ ಆಂಟಿ ಅವನನ್ನು ಪಾರ್ಕಿಂಗಿನಲ್ಲಿ ಹಿಡಿದು ನಿಲ್ಲಿಸಿದರು. “ನಾಲ್ಕು ಜನರ ಟೆಂಟು ಬಂದಿದೆಯಂತಲ್ಲೋ, ತಗೊಂಡುಬಿಡು. ಈ ಸಲ ಊರಿಂದ ಹಲಸಿನಕಾಯಿ ಬರ್ತಿದೆ, ಹಪ್ಪಳಕ್ಕೆ ಈ ಗೂಡು ಸಾಲದು. ಅರವತ್ತು ಪರ್ಸೆಂಟ್ ಡಿಸ್ಕೌಂಟಂತೆ ಅಂತ ನಿನ್ನ ಹೆಂಡತಿಗೆ ನಾನೇ ಹೇಳ್ತೀನಿ.”

ಸರಂಜಾಮಣ್ಣ ಆಗಲೇ ಜೇಬಿನಿಂದ ಅಳತೆ ಟೇಪು ತೆಗೆದಿದ್ದ.

“ಒಂದು ಹಪ್ಪಳದ ವ್ಯಾಸ ಎಷ್ಟು ಬರುತ್ತೆ, ಆಂಟಿ?”